ಮನೆಮನೆಗೂ ನಿಲ್ಲುತ್ತಿದ್ದ ಜೋಡಿ

ಹುರುಳಿ ಬೇಯುವ ವಾಸನೆಗೆ ನಮ್ಮ ಕಡೆಯ ಎಲ್ಲರಿಗೂ ಬಸ್ಸಾರು ನೆನಪಾಗುತ್ತದೆ; ನನಗೆ ಎರಡು ತಟ್ಟು ಕುದುರೆಗಳು. ಅರಸೀಕೆರೆಯ ನಮ್ಮ ಮನೆಯಲ್ಲಿ ಬೆಳಗ್ಗೆ ಒಲೆ ಹೊತ್ತುತ್ತಿದ್ದುದು ಮೊದಲು ಅವುಗಳ ಹುರುಳಿಗೆ, ಆಮೇಲೆ ನಮ್ಮ ಕಾಫಿಗೆ. ಕೊಬ್ಬರಿಯ ಕಮಟು, ಲದ್ದಿ, ಕುದುರೆ ಸಜ್ಜಿನ ತೊಗಲಿಗೆ ಸವರಿದ ಹರಳೆಣ್ಣೆ, ಎಲ್ಲ ಬೆರೆತ ಆ ಗಾಳಿ ಆರೋಗ್ಯಕ್ಕೆ ಒಳ್ಳೆಯದೆಂದೇ ನಾವು ನಂಬಿದ್ದೆವು. ತಾತ ಕೊಬ್ಬರಿ ವ್ಯಾಪಾರಿ. ಬಸ್ಸುಗಳು ಧಾರಾಳವಾಗಿ ಓಡಾಡುತ್ತಿದ್ದ ಕಾಲದಲ್ಲೂ ಅವರು ಕೆಂಚ, ಬೋರ ಎಂಬ ಈ ಜೋಡಿಯನ್ನು ಕೊಂಡದ್ದು ಅಜ್ಜಿಗಾಗಿ. ಬಸ್ಸಿನ ಹೊಗೆ ಮೂಗಿಗೆ ಬಡಿದರೆ ಸಾಕು, ಅಜ್ಜಿಗೆ ವಾಂತಿ. ಹಳೇಬೀಡಿನಲ್ಲಿದ್ದ ಅವಳ ತಂಗಿಗೋ ದಿನೇ ದಿನೇ ಕಣ್ಣು ಮಂಜಾಗುತ್ತಿತ್ತು. ಪೂರ್ತಿ ಹೋಗುವ ಮೊದಲು ಅಕ್ಕನ ಮುಖ ಒಂದು ಸಲ ನೋಡಬೇಕೆಂದು ಹೇಳಿಕಳಿಸಿದ್ದಳು.

ಜೋಡಿಯನ್ನು ಗಾಡಿಗೆ ಪಳಗಿಸಲು ಬಂದವರು ಪೀರ್ ಸಾಬರು, ಜಟಕಾ ಓಡಿಸುವುದನ್ನು ಬಿಟ್ಟು ಮನೆಯಲ್ಲಿ ಕೂತಿದ್ದ ಹಳೆಯ ಸಾರಥಿ. ಮೊದಲು ಎರಡನ್ನೂ ಪಕ್ಕಪಕ್ಕ ಕಟ್ಟಿ ಬರಿದೇ ನಡೆಸಿದರು. ಹೆಜ್ಜೆ ಹೊಂದಿದ ಮೇಲೆ ತೆಂಗಿನ ದಿಮ್ಮಿ ಎಳೆಸಿದರು. ಬೆನ್ನ ಹಿಂದಿನ ಸದ್ದಿಗೆ ಬೋರ ಬೆದರುವುದು ನಿಂತ ಮೇಲೆ ಗಾಡಿ ಹೂಡಿದರು. ಅಲ್ಲಿಂದ ಲಗಾಮು ತಾತನ ಕೈಗೆ ಬಂತು, ವಿದ್ಯೆ ಕೆಟ್ಟಿತು. ನಿನ್ನೆಯವರೆಗೆ ನಡೆದುಹೋಗುತ್ತಿದ್ದವನು ಇಂದು ಗಾಡಿಯಲ್ಲಿ ಕೂತು ಮಾತಾಡಿಸದೆ ಹೋದರೆ ಜನ ಏನಂದಾರು ಎಂಬ ಘನವಾದ ಚಿಂತೆ ಅವರದು. ಜಗಲಿಯ ಮೇಲೆ ಜನ ಕಂಡಲ್ಲೆಲ್ಲ ಲಗಾಮು ಜಗ್ಗಿದರು. ಮಳೆ, ಮದುವೆ, ಮಂಡಿನೋವು ವಿಚಾರಿಸಿದರು. ಸಾಬರು ಎರಡು ದಿನ ಸಹಿಸಿದರು.

"ಸಾವ್ಕಾರ್ರೇ, ಕುದ್ರೆಗೆ ಏನ್ ಬೇಕಾದ್ರೂ ಕಲಿಸ್ತೀನಿ. ನಿಮ್ಗೆ ಸುಮ್ಕಿರಾದ್ ಕಲ್ಸಕ್ಕೆ ನನ್ ಕೈಲಾಗಲ್ಲ."

ಹೊರಡುವ ದಿನ ಅಜ್ಜಿ ನಸುಕಿನಲ್ಲೇ ಸೀರೆಯುಟ್ಟು, ರೊಟ್ಟಿ ಬುತ್ತಿ ಮಡಿಲಲ್ಲಿಟ್ಟುಕೊಂಡು ಗಾಡಿಯಲ್ಲಿ ನನ್ನ ಪಕ್ಕ ಕೂತಳು. ಮೂರನೆಯ ಮನೆಯ ಜಗಲಿಯ ಮುಂದೆ ಕುದುರೆಗಳು ತಾವಾಗಿ ನಿಂತವು. ತಾತ ಲಗಾಮು ಅಲುಗಿಸಿದರು, ಗದರಿದರು, ಅವು ಕದಲಲಿಲ್ಲ. ಮನೆಯವರು ಹೊರಬಂದು ಕ್ಷೇಮ ಕೇಳಿ ಮುಗಿಸಿದ ಮೇಲೆ, ಪಾಠ ಒಪ್ಪಿಸಿದ ಮಕ್ಕಳಂತೆ ತೃಪ್ತಿಯಿಂದ ಹೊರಟವು. ಊರು ದಾಟಿದರೂ ಬಿಡುಗಡೆಯಿಲ್ಲ. ದಾರಿಯ ಹಳ್ಳಿಗಳಲ್ಲೂ ಜಗಲಿಗಳಿದ್ದವು, ಗುರುತಿಲ್ಲದವರ ಮಂಡಿಗಳೂ ನೋಯುತ್ತಿದ್ದವು. ಅಜ್ಜಿ ಒಮ್ಮೆ ಮಾತ್ರ ಬಾಯಿಬಿಟ್ಟಳು: "ನೀವು ಮಾತಾಡ್ಕೊಂಡು ನಿಧಾನಕ್ಕೆ ಬನ್ನಿ, ನಾನು ನಡ್ಕೊಂಡು ಹೋಗಿರ್ತೀನಿ." ಆಮೇಲೆ ಸೂರ್ಯನನ್ನೇ ನೋಡುತ್ತ ಕೂತಳು. ತಂಗಿಗೆ ಕಾಣುತ್ತಿದ್ದುದು ಬಿಸಿಲಿನಲ್ಲಿ ಮಾತ್ರ.

ಹಳೇಬೀಡಿನ ಕೆರೆ ಕಂಡಾಗ ಹೊತ್ತು ಮುಳುಗಿ ನೀರು ಕಪ್ಪಗಾಗಿತ್ತು. ಬಾಗಿಲಲ್ಲಿ ಕಾದಿದ್ದ ತಂಗಿ ಅಕ್ಕನ ಕೈ ಹಿಡಿದು ಒಳಗೆ ಕರೆದೊಯ್ದಳು; ಮುಖದ ಮಾತನ್ನು ಇಬ್ಬರೂ ಎತ್ತಲಿಲ್ಲ. ಮರುದಿನ ಬಿಸಿಲು ಅಂಗಳಕ್ಕೆ ಇಳಿದ ಕೂಡಲೇ ತಂಗಿ ಅಜ್ಜಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿದಳು.

"ಮುದ್ಕಿ ಆಗ್ಬಿಟ್ಟಿದ್ದೀಯಲ್ಲಕ್ಕಾ."

"ನೆನ್ನೆ ಹೊರಟಾಗ ಆಗಿರ್ಲಿಲ್ಲ ಕಣೇ. ದಾರೀಲಿ ಆದೆ."

ಇಬ್ಬರೂ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಮುಂದಿನ ಸಲ ಹೋದಾಗ ತಂಗಿ ಅಜ್ಜಿಯ ಮುಖವನ್ನು ನೋಡಿದ್ದು ಬೆರಳುಗಳಿಂದ.

ಈಗ ಅವರಾರೂ ಇಲ್ಲ. ತಾತ ಹೋದ ಮೇಲೆ ಕುದುರೆಗಳನ್ನು ಅರೇಹಳ್ಳಿ ಕಡೆಯವರೊಬ್ಬರು ಕೊಂಡರು. ಅಲ್ಲಿಯೂ ಮನೆಮನೆಗೂ ನಿಲ್ಲುತ್ತವೆಂದು ದೂರು ಬಂದಿತ್ತು. ನಾನು ಹಳೇಬೀಡಿನ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಹೋಗುತ್ತಿರುತ್ತೇನೆ. ಬಿಸಿಲಿರುವಾಗಲೇ ಮುಟ್ಟಿಸುತ್ತದೆ. ಅಲ್ಲಿ ಬಾಗಿಲಲ್ಲಿ ಕಾಯುವವರು ಯಾರೂ ಇಲ್ಲ.