ಪರದೆ ತಿನ್ನುವ ಕರೆಂಟು

ಸಂಜೆ ದೀಪ ಹಾಕಿದ ಕೂಡಲೇ ಕೈಮುಗಿಯುವುದು ನಮ್ಮ ಕಡೆಯ ರೂಢಿ. ಎಣ್ಣೆಯ ದೀಪವೇ ಆಗಬೇಕೆಂದಿಲ್ಲ, ಗುಂಡಿ ಒತ್ತಿ ಟ್ಯೂಬ್‌ಲೈಟು ಕಣ್ಣು ಬಿಟ್ಟರೂ ಕೈಗಳು ತಾವಾಗಿಯೇ ಕೂಡುತ್ತವೆ. ಹಾಗಾಗಿ ಕಂಪ್ಯೂಟರಿನ ಪರದೆ ಬೆಳಗಿದಾಗಲೂ ನಾನು ಕೈಮುಗಿಯುತ್ತೇನೆ. ನಮ್ಮನೆಯವರಿಗೆ ಅದು ನಗೆ. "ಅದರಾಗ ಯಾವ ದೇವ್ರು ಕುಂತಾನ?" ಅನ್ನುತ್ತಾರೆ. ಮಗಳ ಮುಖ ಮೂಡುವ ಜಾಗದಲ್ಲಿ ಯಾವ ದೇವರಿರುತ್ತಾನೆಂದು ಗಂಡಸರಿಗೆ ಬಿಡಿಸಿ ಹೇಳುವುದು ಹೇಗೆ?

ಕಂಪ್ಯೂಟರು ನಮ್ಮ ಮನೆಗೆ ಬಂದದ್ದು ಮಗಳು ಸವಿತಾ ಅಥಣಿಯ ಕಾಲೇಜಿಗೆ ಹೋಗುತ್ತಿದ್ದಾಗ. ಆಗಿನ ಪರದೆಗೆ ಬೆನ್ನು ಅನ್ನುವುದೊಂದಿತ್ತು, ಅದೂ ಎಮ್ಮೆಯ ಬೆನ್ನು. ಚಳಿಗಾಲದಲ್ಲಿ ನಮ್ಮ ಬೆಕ್ಕು ಅದರ ಮೇಲೇರಿ ಮಲಗುತ್ತಿತ್ತು. ಬೆಕ್ಕಿನ ಹೊಟ್ಟೆ ಬೆಚ್ಚಗಾಗುವಷ್ಟು ಕಾವು ಬರಬೇಕಾದರೆ ಇದು ಎಷ್ಟು ಕರೆಂಟು ತಿನ್ನುತ್ತಿರಬೇಕು ಎಂದು ನಾನು ಅಂದೇ ಲೆಕ್ಕ ಹಾಕಿಬಿಟ್ಟೆ. ಸವಿತಾ ಮದುವೆಯಾಗಿ, ಮಿಲಿಟರಿಯಲ್ಲಿರುವ ಗಂಡನ ಜೊತೆ ಅಸ್ಸಾಮಿನ ಕ್ವಾರ್ಟರ್ಸಿಗೆ ಹೋದಳು. ಆಮೇಲೆ ಒಂದು ದಿನ ಆ ಪರದೆ ಟಪ್ ಎಂದು ಸುಮ್ಮನಾಯಿತು. ಮಗಳ ಮುಖ ನೋಡುವುದಕ್ಕೆ ಇದ್ದ ದಾರಿ ಅದೊಂದೇ. ನನ್ನ ಮೋರೆ ನೋಡಲಾರದೆ ನಮ್ಮನೆಯವರು ಚಿಕ್ಕೋಡಿಗೆ ಹೋಗಿ ತೆಳ್ಳನೆಯದೊಂದನ್ನು ತಂದರು. ಮೂಲೆಯಲ್ಲಿ ಕರೆಂಟು ಕಮ್ಮಿ ತಿನ್ನುತ್ತದೆಂದು ಸಾರುವ ನಕ್ಷತ್ರಗಳ ಚೀಟಿ, ನೆತ್ತಿಯ ಮೇಲೆ ಸಿಕ್ಕಿಸಿದ ಪುಟ್ಟ ಕ್ಯಾಮೆರಾ. "ದಿನಾ ಹಚ್ಚಿದ್ರೂ ತಿಂಗಳಿಗೆ ಒಂದೆರಡು ಚಾದ ಖರ್ಚ ಅಷ್ಟ ಅಂತ ಅಂಗಡಿಯಂವ ಅಂದಾನ" ಎಂದರು. ಅಂಗಡಿಯವನು ಇನ್ನೇನು ಅಂದಾನು? ತನ್ನ ಅಂಗಡಿಯ ಅಕ್ಕಿ ಮುಗ್ಗಲು ಎಂದು ಯಾವನಾದರೂ ತಾನಾಗಿ ಹೇಳಿದ್ದುಂಟೆ? ಬೆಕ್ಕು ಮಾತ್ರ ಹೊಸ ಪರದೆಯನ್ನು ಒಮ್ಮೆ ಮೂಸಿ, ಇಲ್ಲಿ ಕಾವಿಲ್ಲವೆಂದು ತಿಳಿದು ಒಲೆಯ ಕಡೆ ಹೋಯಿತು. ನನಗಿಂತ ಅದಕ್ಕೆ ಬುದ್ಧಿಯಿತ್ತು.

ರವಿವಾರ ನಮ್ಮ ಮನೆದೇವರು ಮಲ್ಲಯ್ಯನ ವಾರ. ಸಾಧ್ಯವಾದರೆ ಮಂಗಸೂಳಿಯ ಗುಡಿಗೆ ಹೋಗಿಬರುವುದು, ಆಗದಿದ್ದರೆ ಮನೆಯಲ್ಲೇ ಹಣೆಗೆ ಭಂಡಾರದ ಅರಿಸಿನ ಹಚ್ಚಿಕೊಂಡು ಕೈಮುಗಿಯುವುದು. ಮಧ್ಯಾಹ್ನ ಮಗಳು ಕಂಪ್ಯೂಟರಿನಲ್ಲಿ ಬರುತ್ತಾಳೆ. ಮುಖ ಕಂಡು, ಸೊರಗಿದಳೋ ತುಂಬಿಕೊಂಡಳೋ ನೋಡಿದ್ದಾದ ಮೇಲೆ ನಾನು, "ಸವೀ, ಮಾರಿ ನೋಡಿದ್ದಾತು. ಪರದಿ ಬಂದ್ ಮಾಡ್ತೀನಿ. ಮಾತಾಡಾಕ ಪರದಿ ಯಾಕ ಬೇಕ?" ಎನ್ನುತ್ತಿದ್ದೆ. ಗುಂಡಿ ಒತ್ತಿದರೆ ಪರದೆ ಕಪ್ಪಗಾಗುತ್ತಿತ್ತು, ದನಿ ಉಳಿಯುತ್ತಿತ್ತು. ಅನ್ನ ಬಸಿದು ಗಂಜಿಯನ್ನೂ ಉಳಿಸಿಕೊಂಡ ಸಮಾಧಾನ ನನಗೆ.

ಅದರಲ್ಲಿ ಇನ್ನೊಂದು ಅನುಕೂಲವೂ ಇತ್ತು. ದೂರ ಕೊಟ್ಟ ಮಗಳ ಮುಂದೆ ಕಣ್ಣೀರು ಹಾಕಬಾರದು. ಪರದೆ ಕಪ್ಪಗಾದ ಮೇಲೆ ಸೆರಗನ್ನು ಕಣ್ಣಿಗೊತ್ತಿಕೊಂಡು ಬಾಯಲ್ಲಿ ನಗಬಹುದಿತ್ತು. ಬಾಗಿಲು ಮುಚ್ಚಿದರೆ ಒಳಗಿನವರಿಗೂ ಹೊರಗಿನವರಿಗೂ ಮುಚ್ಚಿದಂತೆಯೇ ಎಂಬುದು ನನ್ನ ತಿಳಿವಳಿಕೆ. "ಪಂಚಮಿಗೆ ಬರಲೇನವ್ವಾ?" ಎಂದು ಅವಳು ಕೇಳುವಳು. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ರಾಯಬಾಗಕ್ಕೆ ಕೊಟ್ಟ ಪಕ್ಕದ ಮನೆಯ ಹುಡುಗಿ ಬಂದು ಜೋಕಾಲಿ ಜೀಕುವಾಗ ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಆದರೂ "ದಾರಿ ಬಾಳ ದೂರ, ಹುಚ್ಚೀ. ತ್ರಾಸ ತಗೋಬ್ಯಾಡ" ಅನ್ನುತ್ತಿದ್ದೆ. ಅಳಿಯನ ರಜೆ, ರೈಲಿನ ಖರ್ಚು, ಎಲ್ಲದಕ್ಕೂ ನನ್ನ ಒಂದು 'ಬಾ' ಭಾರವಾದೀತೆಂಬ ಹೆದರಿಕೆ. ಮದುವೆಯಾದ ಮೇಲೆ ಒಂದು ಪಂಚಮಿಗೂ ಅವಳು ಬಂದಿರಲಿಲ್ಲ.

ಆ ವರ್ಷ ಪಂಚಮಿ ಇನ್ನೂ ದೂರವಿರುವಾಗ ಕರೆಂಟಿನ ಬಿಲ್ಲು ಏರಿಕೊಂಡು ಬಂತು. ನಾನು ತಪ್ಪನ್ನು ಪರದೆಯ ಮೇಲೆ ಹಾಕಿದೆ. ಇನ್ನು ಮೇಲೆ ಮುಖವನ್ನೂ ನೋಡುವುದಿಲ್ಲ, ದನಿಯೊಂದೇ ಸಾಕು ಎಂದೆ. ನಮ್ಮನೆಯವರಿಗೆ ಸಿಟ್ಟು ಬಂತು. ಮನೆಯ ದೀಪ, ಫ್ಯಾನು, ಫ್ರಿಜ್ಜು ಎಲ್ಲ ಬಂದ್ ಮಾಡಿ ಪರದೆಯೊಂದನ್ನೇ ಉರಿಯಬಿಟ್ಟು, ನನ್ನ ಕೈಹಿಡಿದು ಮೀಟರಿನ ಮುಂದೆ ನಿಲ್ಲಿಸಿದರು. ಒಳಗಿನ ಚಕ್ರ ತಿರುಗುತ್ತಿದೆಯೋ ನಿಂತಿದೆಯೋ ತಿಳಿಯದು. ಅದರ ಕೆಂಪು ಗುರುತು ಅಡ್ಡಬೀಳುತ್ತ ಹರಕೆ ತೀರಿಸುವ ಭಕ್ತರಂತೆ ಸಾವಕಾಶವಾಗಿ ಬಂತು. ಆಮೇಲೆ ನೀರು ಕಾಯಿಸುವ ಕಾಯಿಲ್ ಹಾಕಿದರು. ಚಕ್ರ ಮೈಮೇಲೆ ಬಂದವರಂತೆ ಕುಣಿಯಿತು.

"ನೋಡಿದ್ಯಾ? ನಿನ್ನ ಜಳಕದ ನೀರ ತಿನ್ನೂದು ಇದು. ಮಗಳ ಮಾರಿ ಏನ ತಿನ್ನತೈತಿ, ಪಾಪ!"

ಮೇಜಿನ ಕೆಳಗಿನ ಕಂಪ್ಯೂಟರಿನ ಡಬ್ಬಿಯೂ ಪರದೆಗಿಂತ ಹೊಟ್ಟೆಬಾಕ. ಅದನ್ನು ನಾನು ಒಂದು ದಿನವೂ ಬೈದಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದವಳು ನಾನು.

ಮುಂದಿನ ರವಿವಾರ ಸವಿತಾಳೇ ನೆನಪಿಸಿದಳು. "ಅವ್ವಾ, ಪರದಿ ಬಂದ್ ಮಾಡಂಗಿಲ್ಲೇನ?"

"ಮಾಡ್ತೀನಿ ತಗೋ" ಎಂದಿತು ಬಾಯಿ. ಬೆರಳು ಕೇಳಲಿಲ್ಲ. ಇನ್ನಷ್ಟು ಹೊತ್ತು ಕದ್ದು ನೋಡೋಣವೆಂಬ ಆಸೆ.

ಪರದೆ ಕಪ್ಪಗಾಯಿತೆಂದೇ ತಿಳಿದು ಅವಳು ಮಾತಿಗೆ ಶುರುವಿಟ್ಟಳು. ಅಲ್ಲಿಯ ಮಳೆ, ಪಕ್ಕದ ಮನೆಯ ಪಂಜಾಬಿ ಹೆಂಗಸು ಕಲಿಸಿದ ಪರಾಠಾ, ಇವಳು ರೊಟ್ಟಿ ಬಡಿಯುವ ಸದ್ದಿಗೆ ಬೆಚ್ಚಿಬಿದ್ದ ಕೆಳಗಿನ ಮನೆಯವರು. ದನಿಯಲ್ಲಿ ನಗು. ಕಣ್ಣಲ್ಲಿ ಮಾತ್ರ ಧಾರೆ. ಓಢಣಿಯಿಂದ ಒರೆಸಿಕೊಳ್ಳುತ್ತಾಳೆ, ಮಾತು ತಡವರಿಸುವುದಿಲ್ಲ. "ಇಲ್ಲಿ ಏನೂ ಕಮ್ಮಿ ಇಲ್ಲವ್ವಾ" ಅನ್ನುತ್ತಾಳೆ. ಈ ವಿದ್ಯೆಯನ್ನು ಇವಳಿಗೆ ಯಾರು ಕಲಿಸಿದರು ಎನ್ನುವಷ್ಟರಲ್ಲಿ ಪರದೆಯ ಮೂಲೆಯ ಸಣ್ಣ ಚೌಕ ಕಣ್ಣಿಗೆ ಬಿತ್ತು. ಹಣೆಗೆ ಭಂಡಾರ ಬಳಿದುಕೊಂಡು, ಸೆರಗನ್ನು ಮೂಗಿಗೊತ್ತಿಕೊಂಡ ಒಬ್ಬ ಮುದುಕಿ. ನಾನೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

ನಾನು ಮುಚ್ಚುತ್ತಿದ್ದದ್ದು ನನ್ನ ಕಣ್ಣನ್ನು ಮಾತ್ರ. ನೆತ್ತಿಯ ಮೇಲಿನ ಕ್ಯಾಮೆರಾ ಒಂದು ರವಿವಾರವೂ ಕಣ್ಣು ಮುಚ್ಚಿರಲಿಲ್ಲ. ನಾನು ಅತ್ತಿದ್ದನ್ನೆಲ್ಲ ಮಗಳು ಕಂಡಿದ್ದಳು. ಕಂಡರೂ ಹೇಳಿರಲಿಲ್ಲ, ಹೇಳಿದರೆ ಅವ್ವನಿಗೆ ಅಳುವುದಕ್ಕೆ ಇದ್ದ ಒಂದು ಮೂಲೆಯೂ ಹೋದೀತೆಂದು. ಅವ್ವನಿಗೆ ತಾನು ಕಾಣುವುದಿಲ್ಲವೆಂಬ ಧೈರ್ಯದಲ್ಲಿ ತಾನೂ ಎದುರಿಗೆ ಕೂತು ಅಳುತ್ತಿದ್ದಳು.

"ಈ ಸಲನಾರ ಪಂಚಮಿಗೆ ಬರಲೇನವ್ವಾ?"

ಹಳೆಯ ಉತ್ತರ ಗಂಟಲಿಗೆ ಬಂದಿತ್ತು. ಆದರೆ ಹಾಗೆ ಕೇಳಿ ಬಾಯಿ ಅರೆತೆರೆದು ಕಾಯುವ ಮುಖವನ್ನು ನಾನು ಮೊದಲ ಸಲ ನೋಡುತ್ತಿದ್ದೆ. ಇಷ್ಟು ದಿನ ಕತ್ತಲೆಗೆ ಉತ್ತರ ಹೇಳಿದ್ದೆ.

"ಬಾ" ಎಂದೆ.

ಅವಳು ಮುಂದೆ ಬಾಗಿ ನನ್ನ ಮುಖದ ಮೇಲೆ ಬಿದ್ದ ಪರದೆಯ ಬೆಳಕನ್ನು ದಿಟ್ಟಿಸಿದಳು. "ಯವ್ವಾ! ನೀ ಪರದಿ ಬಂದ್ ಮಾಡಿಲ್ಲ!"

"ಇಲ್ಲ. ನೀ ಮೊದಲ ಮೂಗ ಒರಸ್ಕೋ."

"ನೀ ಒರಸ್ಕೋ ಮೊದಲ!" ಎಂದು ಗೊಳ್ಳನೆ ನಕ್ಕಳು, ನಗುತ್ತಲೇ ಒಳಮನೆಯ ಕಡೆ ತಿರುಗಿ ಕೂಗಿದಳು: "ರೀ, ಕೇಳಿದ್ರ್ಯಾ? ರಜಾಕ್ಕ ಅರ್ಜಿ ಹಾಕ್ರಿ, ನಮ್ಮವ್ವ ಬಾ ಅಂದ್ಳು!"

ರಜೆ ಕೊಡುವುದು ಅಳಿಯನ ಸಾಹೇಬರ ಕೆಲಸ. ದಾರಿಯಲ್ಲಿ ಕಾಪಾಡುವುದು ಮಲ್ಲಯ್ಯನ ಕೆಲಸ. ಕರೆಯುವುದೊಂದು ನನ್ನದಿತ್ತು, ಅದನ್ನು ಅವರಿಬ್ಬರೂ ನನ್ನ ಬದಲು ಮಾಡುವಂತಿರಲಿಲ್ಲ.