ನಮ್ಮ ಮೆಟ್ಟಿಲ ಮೇಲಿನ ಅಮೆರಿಕ

"ನಮ್ಮ ಎರಡನೇ ತಿದ್ದುಪಡಿಯನ್ನು ಮುಟ್ಟಲಿಕ್ಕೆ ಯಾರಪ್ಪನಿಂದಲೂ ಆಗ್ಲಿಕ್ಕಿಲ್ಲ ಪರ್ಬುಗಳೇ!"

ಹೀಗೆ ಗುಡುಗಿದವರು ಉಪ್ಪಿನಂಗಡಿಯ ಹಮೀದಾಕ. ಗುಡುಗಿದ್ದು ಒಮಾನಿನ ಸೊಹಾರ್ ಎಂಬ ಊರಿನಲ್ಲಿ, ನನ್ನ ಊಟದ ಮೇಜಿನ ಎದುರು, ನಾನು ಮಾಡಿದ ಇಡ್ಲಿಯಂಥ ಸಾನ್ನಾವನ್ನು ಕೋಳಿ ಸಾರಿನಲ್ಲಿ ಅದ್ದುತ್ತಾ. ತಿದ್ದುಪಡಿ ಅಮೆರಿಕದ ಸಂವಿಧಾನದ್ದು, ಬಂದೂಕು ಇಟ್ಟುಕೊಳ್ಳುವ ಹಕ್ಕಿನದ್ದು. ಹಮೀದಾಕ ಅಮೆರಿಕವನ್ನು ಕನಸಿನಲ್ಲೂ ಕಂಡವರಲ್ಲ. ಅವರ ಬಳಿ ಇದ್ದ ಅತಿ ದೊಡ್ಡ ಆಯುಧವೆಂದರೆ ವಾಹನದ ಬಿಡಿಭಾಗಗಳ ಅಂಗಡಿಯ ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ. ನಾನು ಮದುವೆಯಾಗಿ ಕುಂದಾಪುರದಿಂದ ಬಂದ ಮೊದಲ ಶುಕ್ರವಾರ ಅದು. ಒಂಟೆ ನೋಡುವ ಆಸೆಯಿಂದ ಬಂದವಳಿಗೆ ಸಿಕ್ಕಿದ್ದು ಅಮೆರಿಕದ ಎರಡು ಪಕ್ಷಗಳ ಗುರುತು, ಆನೆ ಮತ್ತು ಕತ್ತೆ. ಕೆಳಮನೆಯ ಹಮೀದಾಕ ಆನೆ ಪಕ್ಷ. ಅವರು ಪರ್ಬುಗಳೇ ಎಂದು ಕರೆಯುವ ನನ್ನ ಗಂಡ ಸ್ಟ್ಯಾನಿ ಕತ್ತೆ ಪಕ್ಷ. ಯಾರ ಕೈಗೆ ಕೊಟ್ಟು ಕಳಿಸಿದರಪ್ಪಾ ನನ್ನನ್ನು ಎಂದು ಅಡುಗೆಮನೆಯಲ್ಲಿ ನಿಂತು ದೇವರನ್ನು ನೆನೆದೆ.

ಹಮೀದಾಕ ಹೋದ ಮೇಲೆ ಸ್ಟ್ಯಾನಿ ನನಗೆ ಇಲ್ಲಿಯ ಮೊದಲ ಪಾಠ ಹೇಳಿದ್ದು. ಬಸ್ಸು ಎಲ್ಲಿ ಸಿಗುತ್ತದೆ, ಮೀನು ಎಲ್ಲಿ ಸಿಗುತ್ತದೆ ಎಂಬುದಲ್ಲ. "ಇಲ್ಲಿ ಊರಿನ ರಾಜಕೀಯ ಮಾತಾಡ್ಲಿಕ್ಕಿಲ್ಲ. ಇಲ್ಲಿಯದ್ದಂತೂ ಎತ್ತಲೇ ಬಾರದು, ನಾವು ಹೊರಗಿನವರು. ಊರಿನದ್ದು ಎತ್ತಿದರೆ ನಾಳೆಯಿಂದ ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲ." ಬಂದರಿನ ಕಾರ್ಖಾನೆಗೆ ಹೋಗುವ ಕಂಪನಿ ಬಸ್ಸಿನಲ್ಲೂ ಅದೇ ಕಾನೂನಂತೆ. ಬಂಟರು, ಬ್ಯಾರಿಗಳು, ನಾವು ಕ್ರಿಸ್ತುವರು ಎಲ್ಲ ಒಂದೇ ಬಸ್ಸು. ಊರಿನಲ್ಲಿ ಚುನಾವಣೆ ಬಂದಾಗ ಎಲ್ಲರೂ ಕಿಟಕಿಯಾಚೆ ನೋಡುತ್ತಾ "ಬಿಸಿಲು ಜಾಸ್ತಿ ಆಯ್ತಲ್ಲ ಮಾರ್ರೆ" ಎನ್ನುತ್ತಾರೆ. ಜನವರಿಯಲ್ಲೂ ಅದನ್ನೇ ಎನ್ನುತ್ತಾರೆ.

ಆದರೆ ಕರಾವಳಿಯವರು ರಾಜಕೀಯ ಮಾತಾಡದೆ ಬದುಕುವುದುಂಟೇ? ಊರಿನಲ್ಲಿ ನನ್ನಪ್ಪ ಗೂಡಂಗಡಿಯ ಚಹಾ ಕುಡಿಯುತ್ತಿದ್ದದ್ದೇ ವಾದಕ್ಕೋಸ್ಕರ, ಚಹಾ ಬರೀ ನೆಪ. ಇಲ್ಲಿ ಆ ಬಾಯಿಯನ್ನೆಲ್ಲ ಎಲ್ಲಿಗೆ ತೆಗೆದುಕೊಂಡು ಹೋಗುವುದು? ಹಾಗಾಗಿ ಅಮೆರಿಕವನ್ನು ಆರಿಸಿಕೊಂಡರು. ದೂರದ ದೇಶ, ಯಾರಿಗೂ ನೋವಿಲ್ಲ, ಯಾರಿಗೂ ಅಲ್ಲಿ ಓಟಿಲ್ಲ. ಅಲ್ಲಿಯ ಮತ ಎಣಿಕೆ ನಮಗೆ ಬೆಳಗಿನ ತಿಂಡಿಯ ಹೊತ್ತಿಗೆ ಬರುತ್ತದೆ. ಯಾವ ರಾಜ್ಯ ಯಾರಿಗೆ ಹೋಯಿತು ಎಂದು ಮೇಲಿನಿಂದ ಸ್ಟ್ಯಾನಿ, ಕೆಳಗಿನಿಂದ ಹಮೀದಾಕ ಮೆಟ್ಟಿಲ ಮೇಲೆ ಕೂಗಾಡಿದ್ದಕ್ಕೆ ಮೂರನೇ ಮಹಡಿಯ ಮಲಯಾಳಿ ನರ್ಸ್ ಬೆಂಕಿ ಬಿದ್ದಿದೆಯೆಂದು ಚಪ್ಪಲಿಯಿಲ್ಲದೆ ಇಳಿದು ಬಂದಿದ್ದಳು.

ಆ ಗಲಾಟೆ ನನಗೆ ಬೇಕಾಗಿತ್ತು, ಈಗ ಹೇಳಬಹುದು. ಊರಿನ ಮನೆಯಲ್ಲಿ ಬಾಗಿಲು ತೆಗೆದರೆ ಅಂಗಳ, ಬಾವಿ, ದಾರಿಯಲ್ಲಿ ಹೋಗುವವರ "ಎಂತ, ಅಡುಗೆ ಆಯ್ತಾ?" ಇಲ್ಲಿ ಬಾಗಿಲು ತೆಗೆದರೆ ಮೆಟ್ಟಿಲು. ಬೇಸಿಗೆಯಲ್ಲಿ ಕಿಟಕಿ ತೆಗೆಯುವ ಹಾಗೇ ಇಲ್ಲ, ಎಸಿಯ ಗುಂಯ್ ಸದ್ದಿನಲ್ಲಿ ದಿನ ಕಳೆಯಬೇಕು. ಮೊದಲ ಬೇಸಿಗೆಯಲ್ಲಿ ನಲ್ಲಿ ತಿರುಗಿಸಿದರೆ ತಣ್ಣೀರಿನ ಕಡೆಯಿಂದ ಕುದಿನೀರು ಬಂದು ಕೈ ಸುಟ್ಟುಕೊಂಡು ಅತ್ತಿದ್ದೆ, ಕೈಗಿಂತ ಹೆಚ್ಚು ಒಂಟಿತನಕ್ಕೆ. ಆಗ ಮೇಲೆ ಬಂದವಳು ಹಮೀದಾಕರ ಹೆಂಡತಿ ಜೊಹರಾ. "ಅಯ್ಯೋ ಬಾಯಮ್ಮ, ಮಾಳಿಗೆಯ ಟ್ಯಾಂಕಿ ಬಿಸಿಲಿಗೆ ಕಾದಿರ್ತದೆ. ಗೀಸರ್ ಬಂದ್ ಮಾಡಿ ಬಿಸಿನೀರಿನ ನಲ್ಲಿ ತಿರುಗಿಸಿ. ಅದರೊಳಗಿನ ನೀರು ತಣ್ಣಗಿರ್ತದೆ" ಎಂದಳು. ಬಿಸಿಯಲ್ಲಿ ತಣ್ಣಗಿನದು, ತಣ್ಣಗಿನದರಲ್ಲಿ ಬಿಸಿ. ಈ ದೇಶವನ್ನು ಅವಳೇ ನನಗೆ ಕಲಿಸಿದ್ದು. ನಮ್ಮ ಮನೆಯೊಳಗೆ ಕೊಂಕಣಿ, ಅವರ ಮನೆಯೊಳಗೆ ಬ್ಯಾರಿ, ಮೆಟ್ಟಿಲ ಮೇಲೆ ಕನ್ನಡ. ಡ್ರೈವಿಂಗ್ ಪರೀಕ್ಷೆಯಲ್ಲಿ ಇಲ್ಲಿ ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ತರಬೇಕು. ನಾನು ಡ್ರಮ್ಮುಗಳಿಗೆ ಗುದ್ದಿ ಗುದ್ದಿ ಕಡೆಗೊಮ್ಮೆ ಪಾಸಾದ ದಿನ ಪಾಯಸ ಮಾಡಿ ಮೇಲೆ ತಂದವಳೂ ಅವಳೇ.

ಅವಳ ಮಗ ಇರ್ಫಾನ್ ಆಗ ತೆವಳಿಕೊಂಡೇ ಮೆಟ್ಟಿಲು ಹತ್ತುತ್ತಿದ್ದ. ಈ ವರ್ಷ ಇಲ್ಲಿಯ ಇಂಡಿಯನ್ ಶಾಲೆಯಲ್ಲಿ ಹನ್ನೆರಡನೇ ಕ್ಲಾಸು ಮುಗಿಸಿದ. ಮಂಗಳೂರಿನಲ್ಲಿ ಕಾಲೇಜು ಸಿಕ್ಕಿತು. ಸೊಹಾರಿನಲ್ಲೇ ಹುಟ್ಟಿದವನು, ಆದರೆ ಗಂಡುಮಕ್ಕಳು ದೊಡ್ಡವರಾದ ಮೇಲೆ ಅಪ್ಪನ ವೀಸಾದಲ್ಲಿ ಇಲ್ಲಿ ಇರುವಂತಿಲ್ಲ. ಓದಿ ವಾಪಸು ಬರುವುದಾದರೆ ನಮ್ಮೆಲ್ಲರ ಹಾಗೆ ಕೆಲಸದ ವೀಸಾ ಹಿಡಿದೇ ಬರಬೇಕು. ಉಪ್ಪಿನಂಗಡಿಯಲ್ಲಿ ಚಿಕ್ಕಪ್ಪನ ಮನೆಯುಂಟು, ಅಲ್ಲಿಂದ ದಿನಾ ಓಡಾಡುವುದು ಆಗದ ಮಾತು. ಮಂಗಳೂರಿನಲ್ಲಿ ನನ್ನ ಅಕ್ಕ ಐರಿನ್ ಇದ್ದಾಳೆ, ಮೇಲಂತಸ್ತಿನಲ್ಲಿ ಒಂದು ಕೋಣೆ ಖಾಲಿ. ಅವನು ಅಲ್ಲಿರುವುದೆಂದು ಎರಡೂ ಮನೆಯವರು ಮಾತಾಡಿ ಮುಗಿಸಿದ್ದೆವು. ಅಕ್ಕ ಹಾಸಿಗೆಯನ್ನೂ ಬಿಸಿಲಿಗೆ ಹಾಕಿದ್ದಳು.

ಆಮೇಲೆ ಬಂತು ಅಮೆರಿಕದ ಹೊಸ ಜಗಳ. ಅಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಅಲ್ಲಿಯ ಪೌರತ್ವ ಸಿಗಬೇಕೋ, ಅಪ್ಪ ಅಮ್ಮ ಯಾರೆಂದು ನೋಡಿ ಕೊಡಬೇಕೋ ಎಂಬುದು. ಒಂದು ಶುಕ್ರವಾರ, ಇಲ್ಲಿಯ ರಜಾದಿನ, ನಮ್ಮ ಇಗರ್ಜಿಯ ಪೂಜೆಗೂ ಅವರ ನಮಾಜಿಗೂ ಇನ್ನೂ ಹೊತ್ತಿತ್ತು. ಜೊಹರಾ ಕೋಳಿ ರೊಟ್ಟಿ ತಂದಿದ್ದಳು. ಇರ್ಫಾನ್ ಮೇಜಿನ ಮೂಲೆಯಲ್ಲಿ ಕೂತು ತಿನ್ನುತ್ತಿದ್ದ.

"ದುಡೀಲಿಕ್ಕೆ ಬಂದವ ದುಡಿದು ಹೋಗಬೇಕು" ಎಂದರು ಹಮೀದಾಕ. "ಅಲ್ಲಿ ಒಂದು ಹೆತ್ತ ಕೂಡಲೇ ದೇಶ ಅವನದ್ದಾಗ್ತದಾ?"

"ಸಂವಿಧಾನದಲ್ಲಿ ಬರೆದುಂಟು, ಹದಿನಾಲ್ಕನೇ ತಿದ್ದುಪಡಿ" ಎಂದರು ಸ್ಟ್ಯಾನಿ. "ನಿಮಗೆ ಬಂದೂಕಿನ ತಿದ್ದುಪಡಿ ಮಾತ್ರ ಬೇಕು, ಮಕ್ಕಳದ್ದು ಬೇಡ!"

"ನಾವಿಲ್ಲಿ ಕೇಳಿದ್ದೇವಾ? ಮರ್ಯಾದೆಯಲ್ಲಿ ಇದ್ದೇವೆ, ಮರ್ಯಾದೆಯಲ್ಲಿ ಹೋಗ್ತೇವೆ."

ಸ್ಟ್ಯಾನಿಗೆ ಗೆಲುವು ಕಣ್ಣೆದುರು ಕಂಡಿತು. ಗಂಡಸರಿಗೆ ಅದು ಕಂಡರೆ ಮುಗಿಯಿತು, ಮುಂದೆ ಯಾರು ಕೂತಿದ್ದಾರೆಂದು ಕಾಣುವುದಿಲ್ಲ. "ಹಾಗಾದರೆ ನಿಮ್ಮ ಇರ್ಫಾನ್ ಯಾವ ದೇಶದವ, ಹೇಳಿ ನೋಡುವಾ. ಇಲ್ಲಿ ಹುಟ್ಟಿದ, ಇಲ್ಲಿಯವ ಅಲ್ಲ. ಇನ್ನು ಊರಿನಲ್ಲಿ? ಈಗಿನ ಕಾಲದಲ್ಲಿ ಅಲ್ಲಿ ಅವನನ್ನು ನಮ್ಮವ ಅಂತ ಯಾರು ಹೇಳ್ತಾರೆ?"

ಇಷ್ಟು ವರ್ಷ ಬಾಗಿಲ ಹೊರಗೆ ನಿಲ್ಲಿಸಿದ್ದ ಊರು ಒಳಗೆ ಬಂದುಬಿಟ್ಟಿತು. ಹಮೀದಾಕ ಅರ್ಧ ತಿಂದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟರು. "ಖಲಾಸ್" ಎಂದರು, ಅಂದರೆ ಮುಗಿಯಿತು. ಎದ್ದು ಕೆಳಗಿಳಿದರು. ಇರ್ಫಾನ್ ತನ್ನ ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಬಂದು, ತೊಳೆದು, ಒರೆಸಿ ಇಟ್ಟ. ನಡೆಯಲು ಕಲಿತಂದಿನಿಂದ ನನ್ನ ಮನೆಯಲ್ಲಿ ಉಂಡು ತಟ್ಟೆ ಬಿಟ್ಟು ಓಡುತ್ತಿದ್ದ ಹುಡುಗ. "ಥ್ಯಾಂಕ್ಯೂ ಆಂಟಿ" ಎಂದು ಬೇರೆ ಹೇಳಿದ. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

"ವಾದ ಗೆದ್ದಿರಿ. ಹೊಟ್ಟೆ ತುಂಬಿತಾ ಈಗ?" ಎಂದೆ ಗಂಡನಿಗೆ.

"ನಾನು ಹೇಳಿದ್ದರಲ್ಲಿ ಸುಳ್ಳೇನುಂಟು?"

"ಸುಳ್ಳಿದ್ದಿದ್ದರೆ ಅವರು ನಕ್ಕು ರೊಟ್ಟಿ ತಿಂದು ಹೋಗ್ತಿದ್ದರು."

ಎರಡು ದಿನ ಬಿಟ್ಟು ಜೊಹರಾ ಮೆಟ್ಟಿಲ ಮೇಲೆ ಸಿಕ್ಕಿದಳು. ತಲೆ ತಗ್ಗಿಸಿಯೇ ಹೇಳಿದಳು, "ಹಾಸ್ಟೆಲ್ ನೋಡಿದ್ದಾರಂತೆ. ನಿಮ್ಮ ಅಕ್ಕನಿಗೆ ಹೇಳಿಬಿಡಿ." ಆಮೇಲೆ, "ನನಗೆ ಬೇಕಿತ್ತು ಬಾಯಮ್ಮ ಆ ಮನೆ. ಅವನಿಗೆ ಅಲ್ಲಿ ಒಂದು ನಾಯಿಯ ಪರಿಚಯವೂ ಇಲ್ಲ. ರಾತ್ರಿ ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು ಬೇಡವಾ?" ಎಂದಳು. ನನ್ನ ಮಗಳು ರಿಯಾ ಕೂಡ ಇದೇ ಊರಿನಲ್ಲಿ ಹುಟ್ಟಿದವಳು. ಇನ್ನು ಕೆಲವು ವರ್ಷಕ್ಕೆ ಅವಳ ಪೆಟ್ಟಿಗೆಯನ್ನೂ ಕಟ್ಟಬೇಕು. ನಾನು ಜೊಹರಾಳ ಕೈ ಹಿಡಿದು ನಿಂತೆ, ಅಷ್ಟೇ. ಅಕ್ಕನಿಗೆ ಮಾತ್ರ ಫೋನ್ ಮಾಡಲಿಲ್ಲ. ಹಾಸಿಗೆ ಹಾಗೇ ಇರಲಿ ಎಂದುಕೊಂಡೆ.

ಮೆಟ್ಟಿಲು ಸತ್ತುಹೋಯಿತು. ಹಮೀದಾಕ ಅಂಗಡಿಗೆ ಹೋಗುವ ಹೊತ್ತು ಬದಲಿಸಿದರು. ಸ್ಟ್ಯಾನಿ ಕೆಳಗಿನ ಬಾಗಿಲಿನ ಎದುರು ಚಪ್ಪಲಿ ಸದ್ದಾಗದ ಹಾಗೆ ನಡೆಯತೊಡಗಿದರು. ಕ್ಷಮೆ ಕೇಳಿ ಎಂದರೆ "ಕೇಳ್ತೇನೆ, ಕೇಳ್ತೇನೆ" ಎನ್ನುವುದು, ಬಾಗಿಲವರೆಗೆ ಹೋಗಿ ವಾಪಸು ಬರುವುದು. ಇರ್ಫಾನ್ ಹೊರಡುವ ದಿನ ಹತ್ತಿರವಾಗುತ್ತಿತ್ತು.

ಆಗ ಬಂತು ಸಾಲಿಂ ಅವರ ಕರೆ. ಅವರು ನಮ್ಮ ಕಟ್ಟಡದ ಮಾಲೀಕರು, ರುಸ್ತಾಕ್ ಊರಿನ ವೃದ್ಧರು. ಪ್ರತಿ ಬೇಸಿಗೆಯಲ್ಲಿ ಖರ್ಜೂರ ಹಣ್ಣಾದಾಗ ಎರಡೂ ಮನೆಯವರು ಒಟ್ಟಿಗೆ ಅವರ ತೋಟಕ್ಕೆ ಹೋಗುವುದು ವಾಡಿಕೆ. ಅವರು ಕರೆದರೆ ಇಲ್ಲ ಎನ್ನುವ ಹಾಗಿಲ್ಲ. ಎರಡು ಕಾರಿನಲ್ಲಿ ಹೋಗಿ ಅವರ ಎದುರು ಮರ್ಯಾದೆ ಕಳೆಯುವ ಹಾಗೂ ಇಲ್ಲ. ನಾನು ಜೊಹರಾಳಿಂದ ಕೀಲಿ ತೆಗೆದುಕೊಂಡು ಹಮೀದಾಕರ ದೊಡ್ಡ ಕಾರಿನ ಚಾಲಕನ ಸೀಟಿನಲ್ಲಿ ಕೂತೆ. "ಯಲ್ಲಾ, ಹತ್ತಿ ಎಲ್ಲ!" ಎಂದೆ. ಹಮೀದಾಕ ಮುಂದೆ, ಸ್ಟ್ಯಾನಿ ಹಿಂದೆ. ರುಸ್ತಾಕಿನವರೆಗೆ ಇಬ್ಬರೂ ಒಂದಕ್ಷರ ಮಾತಾಡಲಿಲ್ಲ. ಕಾರಿನಲ್ಲಿ ನಾನು ಬ್ರೇಕ್ ಹಾಕಿದಾಗ ಮಾತ್ರ ಇಬ್ಬರೂ ಒಟ್ಟಿಗೆ "ಯಾ ಅಲ್ಲಾ", "ಜೆಜು" ಎಂದರು.

ಖರ್ಜೂರದ ಮರಗಳ ಕೆಳಗೆ ಚಾಪೆ ಹಾಸಿದ್ದರು. ಗಂಡಸರದ್ದು ಒಂದು ಕಡೆ, ಹೆಂಗಸರದ್ದು ಒಂದು ಕಡೆ, ನಡುವೆ ಫಲಜ್. ಅದು ಬೆಟ್ಟದ ಬುಡದಿಂದ ನೀರು ತರುವ ಸಣ್ಣ ಕಾಲುವೆ, ನಮ್ಮ ಕಡೆಯ ತೋಡಿನ ಹಾಗೆ, ಆದರೆ ಇಲ್ಲಿ ಪ್ರತಿ ತೋಟಕ್ಕೂ ನೀರಿನ ಪಾಳಿ ಉಂಟು. ಆಚೆಯ ಮಾತೆಲ್ಲ ಈಚೆ ನಮಗೆ ಕೇಳುತ್ತಿತ್ತು.

ಒಮಾನಿಗಳಲ್ಲಿ ಒಂದು ಪದ್ಧತಿಯುಂಟು. ಬಂದವರನ್ನು ಕೂರಿಸಿ ಮನೆಯ ಹಿರಿಯ ಕೇಳುತ್ತಾನೆ, "ಶೇ ಉಲೂಮ್?" ಸುದ್ದಿ ಏನು ಎಂದು. ಬಂದವರಲ್ಲಿ ಹಿರಿಯ ಯಾರೋ ಅವನೇ ಎಲ್ಲರ ಪರವಾಗಿ ಉತ್ತರ ಕೊಡಬೇಕು, "ಮಾ ಶೇ ಉಲೂಮ್." ಸುದ್ದಿ ಏನೂ ಇಲ್ಲ, ಎಲ್ಲ ಕ್ಷೇಮ. ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ಹಾಗೆಯೇ ಹೇಳುವುದು. ಖರ್ಜೂರ, ಕಹ್ವಾ ಎಂಬ ಅವರ ಕಾಫಿ ಆದ ಮೇಲೆಯೇ ನಿಜವಾದ ಮಾತು. ಬಾಗಿಲಲ್ಲೇ ಸುಖದುಃಖ ಸುರಿಯುವ ನಮ್ಮಂಥವರಿಗೆ ಇದು ಅಭ್ಯಾಸವಾಗಲು ವರ್ಷಗಳೇ ಬೇಕಾದವು.

"ಶೇ ಉಲೂಮ್?" ಎಂದರು ಸಾಲಿಂ.

ಹಿರಿಯರು ಹಮೀದಾಕ. ಅವರು ಬಾಯಿ ತೆರೆದರು. ಪಕ್ಕದಲ್ಲಿ ಮಗ ಕೂತಿದ್ದ. ಜೊಹರಾ ನನ್ನ ತೊಡೆಯ ಮೇಲೆ ಕೈಯಿಟ್ಟಳು. ಕಡೆಗೆ "ಮಾ ಶೇ..." ಎಂದರು.

"ಫೀ ಉಲೂಮ್!" ಎಂಬ ದನಿ ಬಂತು. ಸುದ್ದಿ ಉಂಟು ಎಂದು. ನನ್ನ ಗಂಡ! ಪದ್ಧತಿ ಮುರಿದು, ಹಿರಿಯನ ಮಾತು ಕತ್ತರಿಸಿ, ಕಾರ್ಖಾನೆಯಲ್ಲಿ ಕಲಿತ ಹರಕು ಅರಬ್ಬಿಯಲ್ಲಿ. "ವಲದ್ ಹಮೀದ್ ರೂಹ್ ಹಿಂದ್. ಬೈತ್ ಮಾಲ್ ಅನಾ." ಹಮೀದರ ಮಗ ಹಿಂದುಸ್ತಾನಕ್ಕೆ ಹೋಗ್ತಾನೆ, ನನ್ನ ಮನೆಗೆ. ನನ್ನ ಅಕ್ಕನ ಮನೆಯನ್ನು ಅವಳನ್ನು ಕೇಳದೆ ತನ್ನದೆಂದು ಬರೆಸಿಕೊಂಡರು ಪುಣ್ಯಾತ್ಮ. ಸ್ಟ್ಯಾನಿಯ ಮುಖ ಕೆಂಪಾಗಿತ್ತು. ಆಮೇಲೆ ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ, "ಹಮೀದಾಕ, ಅವ ನಮ್ಮವ. ಅವತ್ತು ನನ್ನ ನಾಲಿಗೆ ಹಾಳಾಗಿತ್ತು. ಹಾಸ್ಟೆಲ್ ಬೇಡ" ಎಂದರು.

ಸಾಲಿಂ ಏನೂ ತಿಳಿಯದೆ ಹಿರಿಯರ ಕಡೆ ನೋಡಿದರು, ಸುದ್ದಿ ಹೌದೋ ಅಲ್ಲವೋ ಅವರೇ ಹೇಳಬೇಕು. ಹಮೀದಾಕ ಸ್ಟ್ಯಾನಿಯ ಕಡೆ ತಿರುಗಿದರು.

"ಪರ್ಬುಗಳೇ," ಎಂದರು, "ದೊಡ್ಡವರ ಮಾತಿನ ನಡುವೆ ಬಾಯಿ ಹಾಕುವ ಹಕ್ಕು ನಿಮಗೆ ಎಷ್ಟನೇ ತಿದ್ದುಪಡಿ ಕೊಟ್ಟದ್ದು?"

ಜೊಹರಾ ನಗಲು ಹೋಗಿ ಅತ್ತುಬಿಟ್ಟಳು. ಹಮೀದಾಕ ಸಾಲಿಂ ಕಡೆ ತಿರುಗಿ ಒಳ್ಳೆಯ ಅರಬ್ಬಿಯಲ್ಲಿ, ಸುದ್ದಿ ನಿಜ, ಮಗ ಇವರ ಮನೆಗೇ ಹೋಗುತ್ತಾನೆ ಎಂದರು. ಮುದುಕರಿಗೆ ಅದು ವಿಚಿತ್ರವೆನಿಸಿತು. "ಇವನು ಸೊಹಾರಿನ ಹುಡುಗ, ಹೋಗುವುದು ಯಾಕೆ?" ಎಂದು ಕೇಳಿದರು. ಕಹ್ವಾ ಬಂತು.

ವಾಪಸು ಬರುವಾಗ ಹಮೀದಾಕ ಹಿಂದೆ ಸ್ಟ್ಯಾನಿಯ ಪಕ್ಕ ಕೂತರು. ಇರ್ಫಾನ್ ನನ್ನ ಪಕ್ಕ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ. ಹಮೀದಾಕ ಮೆಲ್ಲನೆ ಕೇಳಿದರು, "ಅಲ್ಲಿ ನಿಮ್ಮ ಅತ್ತಿಗೆಯ ಗಲ್ಲಿಯಲ್ಲಿ ಇವನ ಹೆಸರು ಕೇಳಿ ಯಾರಾದರೂ ಏನಾದರೂ ಅಂದರೆ?" ಇಷ್ಟು ವರ್ಷದಲ್ಲಿ ಊರಿನ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು. ಸ್ಟ್ಯಾನಿ "ಹಾಗೇನೂ ಆಗ್ಲಿಕ್ಕಿಲ್ಲ" ಎನ್ನುತ್ತಾರೆಂದು ಕನ್ನಡಿಯಲ್ಲಿ ನೋಡಿದೆ. "ಗೊತ್ತಿಲ್ಲ ಹಮೀದಾಕ" ಎಂದರು. "ಆದರೆ ಅತ್ತಿಗೆ ಸುಮ್ಮನಿರುವವಳಲ್ಲ. ಅಷ್ಟು ಮಾತ್ರ ನನಗೆ ಗೊತ್ತು." ಸೊಹಾರ್ ಬರುವವರೆಗೂ ಅವರಿಬ್ಬರು ಊರಿನ ಬಗ್ಗೆ ಮಾತಾಡಿದರು. ಯಾರ ದನಿಯೂ ಏರಲಿಲ್ಲ. ಅಮೆರಿಕ ಒಮ್ಮೆಯೂ ಬರಲಿಲ್ಲ. ಶುಕ್ರವಾರಗಳಲ್ಲಿ ಈಗ ಪುನಃ ಬರುತ್ತದೆ ಬಿಡಿ, ಆನೆ ಕತ್ತೆ ಎಲ್ಲ. ಮಕ್ಕಳ ತಿದ್ದುಪಡಿಯನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ.

ಇರ್ಫಾನ್ ಹೋದ. ಮೊನ್ನೆ ಅಕ್ಕ ಫೋನ್ ಮಾಡಿದ್ದಳು. "ಒಳ್ಳೆಯ ಹುಡುಗ ಮಾರಾಯ್ತಿ, ತಟ್ಟೆ ಮಾತ್ರ ಮೇಜಿನ ಮೇಲೇ ಬಿಟ್ಟು ಹೋಗ್ತಾನೆ" ಎಂದಳು. ನನ್ನ ಎದೆ ಹಗುರಾಯಿತು. "ಆದರೆ ವಿಚಿತ್ರ. ಕಾಲೇಜಿನಿಂದ ಬಂದ ಕೂಡಲೇ ಏನು ಸುದ್ದಿ ಅಂತ ಕೇಳಿದರೆ ದಿನಾ ಏನೂ ಇಲ್ಲ, ಎಲ್ಲ ಚೆನ್ನಾಗಿದೆ ಅಂತಾನೆ. ಕಾಫಿ ಕುಡಿದ ಮೇಲೆ ಬಾಯಿ ಬಿಡ್ತಾನೆ. ನಿನ್ನೆ ಹೇಳಿದ, ಮನೆ ನೆನಪಾಗ್ತದೆ ಆಂಟಿ ಅಂತ. ಉಪ್ಪಿನಂಗಡಿ ಎಷ್ಟು ದೂರ, ಭಾನುವಾರ ಹೋಗಿ ಬಾ ಅಂದೆ. ಸುಮ್ಮನೆ ನನ್ನ ಮುಖ ನೋಡಿದ."

ಕೆಳಗಿನ ಮನೆಯಿಂದ ಜೊಹರಾ ಮೀನು ಹುರಿಯುವ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಇರ್ಫಾನಿನ ಹಳೆಯ ಚಪ್ಪಲಿ ಅವರ ಬಾಗಿಲ ಹೊರಗೆ ಹಾಗೇ ಉಂಟು, ಅವಳು ತೆಗೆಯಲಿಲ್ಲ. "ನೀನು ಯಾವಾಗ ಬರ್ತಿ ಮನೆಗೆ?" ಎಂದಳು ಅಕ್ಕ. ಒಳಗೆ ರಿಯಾ ಯಾವುದೋ ಪಾಠವನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುತ್ತಿದ್ದಳು. ನಾನು ಮನೆಯಲ್ಲೇ ಇದ್ದೇನೆ ಎಂದು ಬಾಯಿಗೆ ಬಂತು. ಡಿಸೆಂಬರಿಗೆ ಬರ್ತೇನೆ ಎಂದೆ.