ಹಲ್ಲಿನಿಂದ ಕಡಿದ ಎಳೆ

ಕರ್ತನಲ್ಲಿ ಪ್ರಿಯರೇ, ಇದನ್ನು ಬರೆಯುವಾಗಲೂ ನನ್ನ ಸಿಟ್ಟು ಇಳಿದಿಲ್ಲ. ದೇವರು ತಮ್ಮ ಬಾಳಿನಲ್ಲಿ ಮಾಡಿದ್ದಕ್ಕೆ ಸಾಕ್ಷಿ ಹೇಳುವವರು ಮೆತ್ತಗೆ ಮಾತಾಡಬೇಕಂತೆ. ನನಗೆ ಅದು ಬರುವುದಿಲ್ಲ.

೧೯೩೩ರ ಬೇಸಿಗೆ. ನಮ್ಮ ಮನೆಯವರು, ಪೌಲಪ್ಪ, ಸೊಲ್ಲಾಪುರದ ಒಂದು ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದರು. ಅದೇ ಗಿರಣಿಯಲ್ಲಿ ಹೆಂಗಸರು ನೂಲು ಸುತ್ತುವ ಖಾತೆಯಲ್ಲಿ ನಾನಿದ್ದೆ. ಹರಿದ ಎಳೆಗೆ ಗಂಟು ಹಾಕಿ ಮುಂದೆ ಬಿಡುವುದು ನಮ್ಮ ಕೆಲಸ. ಒಂದು ಮಧ್ಯಾಹ್ನ ಅವರ ಮಗ್ಗದಲ್ಲಿ ದಪ್ಪ ಗಂಟೊಂದು ಸಿಕ್ಕಿಕೊಂಡು, ಹತ್ತಾರು ಎಳೆ ಒಟ್ಟಿಗೆ ಹರಿದು, ಲಾಳಿ ದಾರಿ ತಪ್ಪಿ ಹಾರಿ ಅವರ ಎಡಗಣ್ಣಿಗೆ ಬಡಿಯಿತು. ಮಿಷನ್ ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದರು. ಒಂದು ಕೆಟ್ಟರೆ ಇನ್ನೊಂದೂ ಕೆಡಬಹುದು ಎಂದರು ಡಾಕ್ಟರು.

ನಾನು ಅಳಲಿಲ್ಲ, ಉರಿದೆ. ಮಗ್ಗದಲ್ಲಿ ಸಿಕ್ಕಿದ್ದ ಆ ಎಳೆಗಳನ್ನು ಕಿತ್ತು ಸೆರಗಿನ ತುದಿಗೆ ಕಟ್ಟಿಕೊಂಡೆ. ಸರಿಯಾಗಿ ನೋಡಲೂ ಇಲ್ಲ. ಯಾರ ಕೈಯದೆಂದು ಆಗಲೇ ತೀರ್ಮಾನ ಮಾಡಿದ್ದೆ. ನನ್ನ ಪಕ್ಕ ಕೂರುವ ಮಾರ್ಥವ್ವ, ಅಕ್ಕಲಕೋಟೆಯವಳು, ವಿಧವೆ, ನಮ್ಮ ಚರ್ಚಿನ ಸಭೆಯವಳೇ. ಕೈಗಿಂತ ಬಾಯಿ ಹೆಚ್ಚು ಆಡಿಸುವವಳು. ಹದಿನೈದು ದಿನದ ಹಿಂದೆ ನನಗೇ ಪಾಠ ಹೇಳಿದ್ದಳು: "ಎರಡೆರಡು ಸುತ್ತು ಯಾಕ ಹಾಕ್ತಿ ಸುಂದ್ರವ್ವ? ಗಂಟು ದಪ್ಪ ಆಗ್ತೈತಿ. ಹಲ್ಲಿಲೆ ಕಡೀಬ್ಯಾಡ, ಕತ್ರಿ ತಗೋ." ಆ ಮಾತು ನನ್ನ ಹೊಟ್ಟೆಯಲ್ಲಿ ಹಾಗೇ ಕೂತಿತ್ತು.

ಯೇಸುವಿನ ನೆನಪಿಗೆ ಒಂದೇ ರೊಟ್ಟಿ ಮುರಿದು ಹಂಚಿಕೊಳ್ಳುವ ಕರ್ತನ ಭೋಜನದ ಹಿಂದಿನ ದಿನ ನಮ್ಮ ಸಭೆ ಕೂಡುವ ರೂಢಿಯಿದೆ. ಮನಸ್ತಾಪ ಇದ್ದವರು ಎದ್ದು ಹೇಳಿ, ರಾಜಿಯಾಗಿ, ಮರುದಿನ ಆ ಭೋಜನದ ಮೇಜಿಗೆ ಬರಬೇಕು. ನಾನು ಎದ್ದು ಸೆರಗಿನ ತುದಿ ಎತ್ತಿ ತೋರಿಸಿದೆ.

"ಈಕಿ ಹರಟಿ ಹೊಡಕೋತ ಹಾಕಿದ ಗಂಟು ನನ್ನ ಗಂಡನ ಕಣ್ಣು ತಿಂದೈತಿ. ಈಕಿ ಕೂಡ ನಾ ರೊಟ್ಟಿ ಮುರಿಯಂಗಿಲ್ಲ."

"ನಂದಲ್ಲ," ಎಂದಳು ಮಾರ್ಥವ್ವ. ಅಷ್ಟೇ.

ಒಬ್ಬ ಹಿರಿಯರೂ ಆ ನೂಲನ್ನು ಬಿಚ್ಚಿಸಿ ನೋಡಲಿಲ್ಲ. ನನ್ನ ಮಾತು ಸಾಕಾಯಿತು, ಆಕೆಯನ್ನು ಮೇಜಿನಿಂದ ದೂರ ಇಟ್ಟರು. ಅವರ ಮೇಲೂ ನನಗೆ ಸಿಟ್ಟಿದೆ. ಅಲ್ಲಿಗೇ ಬಿಡದೆ ನಾನು ನಮ್ಮ ಖಾತೆಯ ಕೆಲಸದವರನ್ನು ಇಡುವ, ತೆಗೆಯುವ ಮುಕಾದಮನ ಕಿವಿಗೂ ಹಾಕಿದೆ. ಅವನು ಆಕೆಯನ್ನು ಕೆಲಸದಿಂದ ತೆಗೆದ. ಆಕೆ ಅಕ್ಕಲಕೋಟೆಗೆ, ಅಣ್ಣನ ಮನೆಗೆ ಹೋದಳು.

ದಿನವೂ ಆಸ್ಪತ್ರೆಯ ಮಂಚದ ಪಕ್ಕ ಮೊಣಕಾಲೂರಿ ಎರಡು ಬೇಡುತ್ತಿದ್ದೆ. ಕಣ್ಣು ಉಳಿಸು ಎಂದು, ತಪ್ಪು ಮಾಡಿದ ಕೈಯನ್ನು ತೋರಿಸು ಎಂದು. ಎರಡನೆಯದನ್ನೇ ಜೋರಾಗಿ ಬೇಡುತ್ತಿದ್ದೆ.

ಹನ್ನೊಂದನೆಯ ದಿನ ನಮ್ಮ ಮನೆಯವರು ಕೇಳಿದರು, "ಮಾರ್ಥವ್ವ ಯಾಕ ನೋಡಾಕ ಬಂದಿಲ್ಲ?"

ಹೆಮ್ಮೆಯಿಂದಲೇ ಎಲ್ಲ ಹೇಳಿದೆ. ಅವರು ಕೈ ಚಾಚಿ, "ಆ ಎಳಿ ಕೊಡು," ಎಂದರು. ಸೆರಗು ಬಿಚ್ಚಿ ಕೊಟ್ಟೆ. ಕಣ್ಣಿಗೆ ಪಟ್ಟಿ, ಎಳೆಯನ್ನು ಬೆರಳಲ್ಲೇ ಸವರುತ್ತ ಹೋದರು. ಗಂಟಿನ ಮೇಲೆ ಬೆರಳು ನಿಂತಿತು.

"ಎರಡು ಸುತ್ತು. ತುದಿ ಕತ್ತರಿಸಿದ್ದಲ್ಲ, ಕಡಿದಿದ್ದು. ಇದು ನಿಂದು, ಸುಂದ್ರಾ."

"ಕಣ್ಣಿಲ್ಲದ ನಿಮಗೇನು ತಿಳೀತೈತ್ರಿ," ಎಂದೆ. ಅಂಥ ಮಾತನ್ನೂ ಆಡಿದ ನಾಲಿಗೆ ಇದು.

"ಆರು ವರ್ಷ ನಿನ್ನ ಗಂಟು ನೇದೀನಿ," ಎಂದು ಅವರು ಗೋಡೆಯ ಕಡೆ ಹೊರಳಿದರು.

ನೂಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎರಡು ಸುತ್ತು, ಜಗಿದ ತುದಿ. ಇಡೀ ಖಾತೆಯಲ್ಲಿ ಹಾಗೆ ಮಾಡುವವಳು ನಾನೊಬ್ಬಳೇ. ಬೇಡಿದ ಉತ್ತರ ಬಂದಿತ್ತು.

ಮರುದಿನ ರೈಲಿನಲ್ಲಿ ಅಕ್ಕಲಕೋಟ ರೋಡ್ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ಟಾಂಗಾ ಹಿಡಿದು ಊರು ಮುಟ್ಟಿದೆ. ಮಾರ್ಥವ್ವ ಜೋಳ ಹಸನು ಮಾಡುತ್ತಿದ್ದಳು. ಕಾಲು ಹಿಡಿದೆ.

"ಸೈತಾನ ನನ್ನ ಬಾಯಾಗ ಹೊಕ್ಕು ಆಡಿಸಿದ, ತಂಗಿ."

ಆಕೆ ಮೊರ ನಿಲ್ಲಿಸಲಿಲ್ಲ. "ಸೈತಾನ ನಮ್ಮ ಖಾತೇದಾಗ ಯಾವಾಗ ಕೆಲಸಕ್ಕ ಬಂದ? ಆಡಿದಾಕಿ ನೀನು. ಇಲ್ಲಿ ಮೂಲ್ಯಾಗ ಕುಂತು ಕ್ಷಮಾ ಬೇಡಿದ್ರ ಯಾರು ಕೇಳ್ತಾರ? ಎಲ್ಲಿ ನಿಂತು ಆಡಿದ್ಯೋ ಅಲ್ಲೇ ನಿಂತು ಹೇಳು."

ಹಿಂದಿರುಗುವ ದಾರಿಯುದ್ದಕ್ಕೂ ಆಕೆಯ ಮೇಲೆ ಹಲ್ಲು ಕಡಿದೆ. ಆಕೆ ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಅಷ್ಟು ಸಿಟ್ಟು.

ಮೊದಲು ಮುಕಾದಮನಿಗೆ ಹೇಳಿದೆ. ನನ್ನನ್ನು ನೂಲಿನಿಂದ ಎಬ್ಬಿಸಿ ಕಸ ಗುಡಿಸಲು ಹಾಕಿದ, ಮಾರ್ಥವ್ವನನ್ನು ಕರೆಸಿದ. ಮುಂದಿನ ಭೋಜನದ ಹಿಂದಿನ ದಿನ ಸಭೆಯಲ್ಲಿ ಅದೇ ಜಾಗದಲ್ಲಿ ಎದ್ದು ನಿಂತೆ. "ಗಂಟು ನಂದು. ಸುಳ್ಳೂ ನಂದು."

ಸಭಾಪಾಲಕರು ಒಳ್ಳೆಯವರು. "ದುಃಖದಾಗ ಆಡಿದ ಮಾತು, ಬಿಡು ತಾಯಿ," ಎಂದರು.

"ದುಃಖ ಆಡಲಿಲ್ಲರಿ, ನಾ ಆಡಿದೆ," ಎಂದೆ. "ನೀವ್ಯಾರೂ ಆ ಎಳಿ ನೋಡಲಿಲ್ಲ. ಆ ತಪ್ಪು ನಿಮ್ಮದು, ನಿಮ್ಮ ಪಾಲಿಗೇ ಇಟ್ಕೊಳ್ರಿ."

ನಮ್ಮ ಮನೆಯವರ ಬಲಗಣ್ಣು ಪೂರ್ತಿ ಉಳಿಯಿತು, ಎಡಗಣ್ಣಿಗೆ ಮಬ್ಬಾಗಿ ಕಾಣುತ್ತದೆ. ಅದಕ್ಕೆ ದೇವರಿಗೆ ಸ್ತೋತ್ರ. ಕೈ ತೋರಿಸು ಎಂದು ಕೂಗಿದಾಗ ನನಗೆ ಮುಖದಾಕ್ಷಿಣ್ಯ ಮಾಡದ ದೇವರಿಗೆ ಇನ್ನೂ ದೊಡ್ಡ ಸ್ತೋತ್ರ. ನಾನು ನಂಬುವುದು ಆ ದೇವರನ್ನೇ.

ಆ ಸಭೆಯ ಮರುದಿನ ಮೇಜಿಗೆ ಬಂದಾಗ ಮಾರ್ಥವ್ವ ನನ್ನ ಪಕ್ಕದಲ್ಲೇ ಕೂತಳು. ಸೊಂಟದಿಂದ ತನ್ನ ಸಣ್ಣ ಕತ್ತರಿ ತೆಗೆದು ನನ್ನ ಮಡಿಲಿಗಿಟ್ಟಳು.

"ಮತ್ತ ನೂಲಿಗೆ ಕುಂದರಸ್ತಾರ ನಿನ್ನ. ಹಲ್ಲಿಗೆ ಕೆಲಸ ಹಚ್ಚಬ್ಯಾಡ."

ನನಗೆ ಉತ್ತರ ಕೊಡುವ ಚಟ ಬಹಳ. ಆ ಹೊತ್ತು ಬಾಯಿ ಮುಚ್ಚಿಕೊಂಡು ತೆಗೆದುಕೊಂಡೆ. ಆಮೇಲೆ ಇಬ್ಬರೂ ಒಂದೇ ರೊಟ್ಟಿ ಮುರಿದೆವು.